ಎಲ್ಲರ ಕೈಯೂ ನೀಲಿ

ಆಗಸ್ಟ್ 26, ಸೋಮವಾರ

ಮೀಟಿಂಗಿನಲ್ಲಿ ನಾನು ಕಲಿಸುವ ಹೊಸ ಕೋರ್ಸ್ ಪಾಸಾಯಿತು, ಪಾಸಾಯಿತು, ಪಾಸಾಯಿತು! ಸೋಯಾ ತೆಂಪೆ ಕರಿಯುತ್ತಲೇ ಬರೆಯುತ್ತಿದ್ದೇನೆ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪೆನ್ನು. ಪುಟಕ್ಕೆ ಎಣ್ಣೆ ಸಿಡಿಯಿತು. ಇರಲಿ.

ನಮ್ಮ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರು, ಪಾಕ್ ಹರ್ತೊನೊ, ಕನ್ನಡಕ ಹಣೆಗೇರಿಸಿ ಕೇಳಿದರು — "ಲೆಕ್ಚರ್ ಇಲ್ಲ, ಸ್ಲೈಡ್ ಇಲ್ಲ. ಹಾಗಾದ್ರೆ ನೀವೇನ್ ಮಾಡ್ತೀರಮ್ಮ, ಟೀ ಕುಡೀತಾ ಕೂತಿರ್ತೀರಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಿಡಿಸಿ ಹೇಳಿದೆ. ಎರಡನೇ ವರ್ಷದ ಮಕ್ಕಳು ಆಕ್ಸಿಡೇಶನ್ ಕಲಿಯುವುದು ಬೋರ್ಡಿನ ಮೇಲಲ್ಲ, ನೀಲಿ ಗಿಡದ ಎಲೆ ಹುದುಗಿಸಿದ ಬಣ್ಣದ ಬಾನಿಯಲ್ಲಿ. ನನ್ನ ಅತ್ತೆಯ ಹಿತ್ತಲಲ್ಲಿ. ಪ್ರತಿಯೊಬ್ಬರೂ ಕೈ ಹಾಕಲೇಬೇಕು, ಹಿಂದಿನ ಬೆಂಚು ಅನ್ನುವುದೇ ಇಲ್ಲ.

"ಅತ್ತೆ ಒಪ್ಪಿದ್ದಾರಾ?"

"ಓ, ಖುಷಿಯಿಂದ!"

ಮೊನ್ನೆ ಕೇಳಿದಾಗ ಇಬು — ಅತ್ತೆಯನ್ನು ನಾನು ಕರೆಯುವುದು ಹಾಗೆ, ಅಮ್ಮ ಅಂತ — ನಕ್ಕು "ಆಗಲಿ, ಆಗಲಿ" ಅಂದರು, ನನಗೆ ಇನ್ನೊಂದು ಲೋಟ ಟೀ ಬಗ್ಗಿಸಿದರು, ಪಕ್ಕದ ಮನೆಯ ಮದುವೆಯ ಮಾತೆತ್ತಿದರು. ಎಂಥ ಅತ್ತೆ ನನಗೆ! ಎಂಥ ಗಂಡ! ಗಂಡ — ಮದುವೆಯಾಗಿ ನಾಲ್ಕು ತಿಂಗಳಾದರೂ ಆ ಪದ ಬರೆಯುವಾಗ ಕಿವಿ ಬೆಚ್ಚಗಾಗುತ್ತದೆ.

ತೆಂಪೆ ಸೀದು ಹೋಯಿತು.

ಸೆಪ್ಟೆಂಬರ್ 1, ಭಾನುವಾರ

ಇಬು ಸುರಬಾಯಾಕ್ಕೆ ಹೊರಟರು. ನಾದಿನಿಗೆ ಹೆರಿಗೆ ಹತ್ತಿರ, ಎರಡು ತಿಂಗಳು ಅಲ್ಲೇ. ಹೊರಡುವ ಮುನ್ನ ಬಾನಿಯ ಮುಚ್ಚಳ ತೆಗೆದು ತೋರಿಸಿದರು. ಮೇಲೆ ತಾಮ್ರದ ಬಣ್ಣದ ಕೆನೆ, ನಡುವೆ ನೀಲಿ ನೊರೆ, ಹಳೆಯ ಹುಳಿ ವಾಸನೆ. ನನ್ನ ಗಂಡ ಅಂಬೆಗಾಲಿಡುತ್ತಿದ್ದಾಗಿನಿಂದ ಇದೇ ಬಾನಿ. ಒಮ್ಮೆಯೂ ಖಾಲಿ ಮಾಡಿದ್ದಿಲ್ಲ.

"ಬೆಳಿಗ್ಗೆ ಒಂದು ಸಲ, ತಳದಿಂದ ಮೆಲ್ಲಗೆ ತಿರುಗಿಸು. ಗುಳ್ಳೆ ಏಳಬಾರದು. ಬೆಲ್ಲ ಕೇಳಿದ್ರೆ ಬೆಲ್ಲ ಹಾಕು, ಸುಣ್ಣ ಕೇಳಿದ್ರೆ ಸುಣ್ಣ."

"ಅದು ಹೇಗೆ ಕೇಳುತ್ತೆ ಇಬು?"

"ಮೂಗಿಗೆ ಹೇಳುತ್ತೆ." ಮುಚ್ಚಳ ಮುಚ್ಚಿದರು. "ಜನ ಜಾಸ್ತಿ ಆದ್ರೆ ಮುನಿಸಿಕೊಳ್ಳುತ್ತೆ, ಮಗಳೇ."

ತಬ್ಬಿಕೊಂಡೆ. "ನಾನಿದ್ದೀನಲ್ಲ ಇಬು!"

ಸೆಪ್ಟೆಂಬರ್ 5, ಗುರುವಾರ

ಮೊದಲ ಕ್ಲಾಸ್. ಇಷ್ಟು ಸಂತೋಷ ತಡೆದುಕೊಳ್ಳುವುದು ಹೇಗೆ!

"ಬು, ಇದೇನು, ಸತ್ತ ಇಲಿ ವಾಸನೆ!" ಅಂದ ಬಗಸ್. ಮಕ್ಕಳಿಗೆಲ್ಲ ನಾನು ‘ಬು’, ಅಂದರೆ ಮೇಡಂ.

"ನಿನ್ನ ರೂಮಿಗಿಂತ ವಾಸಿ ಬಿಡೋ" — ಅಂದದ್ದು ಗಲುಹ್! ಇಡೀ ಮೊದಲ ವರ್ಷ ಬಾಯಿ ಬಿಡದ ಹುಡುಗಿ!

ಬಟ್ಟೆ ಹಸಿರಾಗಿ ಹೊರಬಂತು, ಗಾಳಿಯಲ್ಲಿ ಕಣ್ಣೆದುರೇ ನೀಲಿಯಾಯಿತು. ಕಿರುಚಾಟ, ವಿಡಿಯೋ, ನೂಕಾಟ. ಎಲ್ಲರಿಗೂ ತಿರುಗಿಸುವ ಕೋಲು ಬೇಕು, ಎಲ್ಲರೂ ಬೆಲ್ಲ ಹಾಕಬೇಕು. ನಾನೇ ಹೇಳಿದ್ದೆನಲ್ಲ — ಹೆದರಬೇಡಿ, ಮಾಡಿ ನೋಡಿ. ಗುಳ್ಳೆಗಳು ಎದ್ದವು. ನೋಡಿದೆ... ಆದರೆ ಆ ಮುಖಗಳನ್ನೇ ಹೆಚ್ಚು ನೋಡಿದೆ.

ಸೆಪ್ಟೆಂಬರ್ 20, ಶುಕ್ರವಾರ

ಕೆನೆ ಇಲ್ಲ. ನೊರೆ ಇಲ್ಲ. ಬೂದು ಬಣ್ಣದ ನೀರು, ಹುಳಿ ಹೋಗಿ ಕೊಳೆತ ನಾತ. ಅದ್ದಿದ ಬಟ್ಟೆಯ ಬಣ್ಣ ಒಂದೇ ಸಲ ಜಾಲಿಸಿದ್ದಕ್ಕೆ ಬಿಟ್ಟುಹೋಯಿತು.

ಗುಳ್ಳೆಯೊಡನೆ ಗಾಳಿ ಸೇರಿ ಹುದುಗು ಸತ್ತಿದೆ. ಗಾಳಿ ಸೇರಿದರೆ ಏನಾಗುತ್ತದೆ ಅಂತ ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುವವಳು ನಾನು. ಇಬು ಮುನಿಸು ಅಂದದ್ದಕ್ಕೆ ಒಳಗೊಳಗೇ ನಕ್ಕಿದ್ದೆ. ಆ "ಆಗಲಿ, ಆಗಲಿ"ಯೂ ಈಗ ಬೇರೆಯಾಗಿ ಕೇಳಿಸುತ್ತಿದೆ. ಜಾವಾದಲ್ಲೇ ಹುಟ್ಟಿದವಳು. ಬೇಡ ಅನ್ನಲು ನಮ್ಮ ಹಿರಿಯರು ಹೀಗೇ ನಗುತ್ತಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಕಾದ ಉತ್ತರ ಸಿಕ್ಕಿತ್ತು, ಓಡಿಬಿಟ್ಟಿದ್ದೆ.

ಸಂಜೆ ಫೋನ್.

"ಬಾನಿ ಹೇಗಿದೆ ಮಗಳೇ?"

"ಚೆನ್ನಾಗಿದೆ ಇಬು. ನಗ್ತಾ ಇದೆ!"

ನಗ್ತಾ ಇದೆ ಅಂತ ಯಾಕೆ ಸೇರಿಸಿದೆ? ಅವರು ಅಷ್ಟು ಕೇಳಿರಲಿಲ್ಲ.

ಸೆಪ್ಟೆಂಬರ್ 26, ಗುರುವಾರ

ಇವತ್ತು ಡೀನ್ ಬಂದಿದ್ದರು, ಬೇರೆ ಕಾಲೇಜುಗಳ ಮೂವರು ಅತಿಥಿಗಳ ಜೊತೆ. ವಿಡಿಯೋ ನೋಡಿ ಬಂದವರು. ಈ ಕೋರ್ಸನ್ನು ಎಲ್ಲ ವಿಭಾಗಗಳಿಗೂ ಮಾದರಿ ಮಾಡಬೇಕಂತೆ.

ಅವರು ಬರುವ ಮೊದಲೇ ಲ್ಯಾಬಿನಿಂದ ಹೈಡ್ರೋಸಲ್ಫೈಟ್ ತಂದಿದ್ದೆ. ಜೀನ್ಸ್ ಕಾರ್ಖಾನೆಯವರು ಬಳಸುವ ಬಿಳಿ ಪುಡಿ. ಅಂಗಡಿಯ ಸಿಂಥೆಟಿಕ್ ನೀಲಿಯನ್ನೂ ಸುರಿದೆ. ಮಕ್ಕಳ ಎದುರೇ. ನೋಡನೋಡುತ್ತಲೇ ನೀರು ಜೀವಂತ ಬಾನಿಯ ಹಾಗೆ ಹಳದಿ-ಹಸಿರಾಯಿತು.

"ಎದ್ದು ಕೂತ್ಕೊಳ್ತು!" ಬಗಸ್ ಕುಣಿದ.

"ಈಗ್ಲೂ ಇದು ಇಬು ಬಾನಿನೇನಾ, ಬು?" ಗಲುಹ್ ಕೇಳಿದಳು.

"ನೀಲಿ ಅಂದ್ರೆ ನೀಲಿ ಕಣೇ. ಸುಮ್ನಿರು, ಅತಿಥಿಗಳು ಬಂದ್ರು" ಅಂದ ಅವನು. ನಾನು ಅವನನ್ನು ತಿದ್ದಲಿಲ್ಲ. ಡೀನ್ ಚಪ್ಪಾಳೆ ತಟ್ಟಿದರು. ನನ್ನ ಕೈಯೂ ನೀಲಿಯಾಗಿತ್ತು, ಅದರ ಫೋಟೋ ತೆಗೆದರು.

ಅಕ್ಟೋಬರ್ 10, ಗುರುವಾರ

ಬರೆಯಲು ಮನಸ್ಸೇ ಇರಲಿಲ್ಲ. ನಾದಿನಿಗೆ ಹೆಣ್ಣು ಮಗು. ಫೋಟೋ ನೋಡಿ ನಾನು ಅತ್ತುಬಿಟ್ಟೆ, ಮಾಸ್ — ಗಂಡನನ್ನು ಹಾಗೇ ಕರೆಯುತ್ತೇನೆ — ಅದು ಸಂತೋಷದ ಅಳು ಅಂದುಕೊಂಡರು.

ಇವತ್ತು ಬಗಸ್ ಒಂದು ಶಾಲು ತಂದ. ಕಣ್ಣು ಕುಕ್ಕುವ ನೀಲಿ. ಅವನ ತಾಯಿ ಕ್ಲಾತೆನ್ ಊರಿನ ಹತ್ತಿರ ಬಣ್ಣದ ಕೆಲಸ ಮಾಡುವವರು, ಎಲೆಯ ನೀಲಿ ಮಾತ್ರ.

"ಅಮ್ಮನ ಬಾನಿಗೂ ಆ ಪುಡಿ ಹಾಕ್ದೆ, ಬು! ವಾರದ ಕೆಲಸ ಒಂದೇ ದಿನದಲ್ಲಿ ಮುಗೀತು. ಅಮ್ಮ ಮೊದ್ಲು ಬೇಡ ಅಂದ್ರು. ನಮ್ಮ ಬು ಸೆಕಾರೇ ಮಾಡ್ತಾರೆ ಅಂದೆ, ಸುಮ್ನಾದ್ರು."

"ಮಾರುವಾಗ... ಏನಂತ ಹೇಳ್ತೀರಿ?"

"ಎಲೆಯ ನೀಲಿ ಅಂತಲೇ. ನಾವು ಹೇಳದೆ ಯಾರಿಗೆ ಗೊತ್ತಾಗುತ್ತೆ?" ಎಷ್ಟು ನಿರ್ಮಲವಾಗಿ ನಕ್ಕ! ಹೆಮ್ಮೆಯಿಂದ ಶಾಲನ್ನು ನನಗೇ ಹೊದಿಸಿದ.

ಕೋರ್ಸಿನ ಗುರಿ ಬರೆದವಳು ನಾನೇ — ಕಲಿತದ್ದನ್ನು ವಿದ್ಯಾರ್ಥಿ ತನ್ನ ಮನೆಯಲ್ಲಿ, ಊರಿನಲ್ಲಿ ಬಳಸಬೇಕು. ಬಳಸಿದ್ದಾನೆ. ಪೂರ್ತಿ ಅಂಕ ಕೊಡಬೇಕು.

ಅಕ್ಟೋಬರ್ 13, ಭಾನುವಾರ

ಮಾಸ್‌ಗೆ ಹೇಳಿದೆ. ಹಿತ್ತಲಿಗೆ ಹೋದರು, ಬೆರಳದ್ದಿ ಮೂಸಿದರು, ಲುಂಗಿಗೆ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ಅಮ್ಮನಿಗೆ ನಾನು ಹೇಳಲ್ಲ, ಸೆಕಾರ್. ಮುಚ್ಚಿಡೋದೂ ಇಲ್ಲ."

ಅಕ್ಟೋಬರ್ 14, ಸೋಮವಾರ

ಬಗಸ್‌ನನ್ನು ಕ್ಯಾಂಟೀನಿನ ಹಿಂದೆ ಕರೆದು ಹೇಳಿದೆ. ಬಾನಿ ಎದ್ದು ಕೂತಿರಲಿಲ್ಲ, ಸತ್ತಿತ್ತು, ಡೀನ್ ಎದುರು ಮರ್ಯಾದೆ ಹೋಗುತ್ತದೆಂದು ನಾನು ಮಾಡಿದ್ದು ಮೋಸ. ಅಮ್ಮನಿಗೆ ಹೇಳಿ ನಿಲ್ಲಿಸು.

ಐಸ್ ಟೀಯ ಕೊಳವೆ ತಿರುಗಿಸಿದ.

"ಅಮ್ಮ ಊರಿಗೆಲ್ಲ ನಿಮ್ಮ ಹೆಸರು ಹೇಳ್ಕೊಂಡು ಬಂದಿದ್ದಾರೆ, ಬು." ಆಮೇಲೆ, ತಲೆ ಎತ್ತದೆ, "ನೀವು ನಿಮ್ಮ ಇಬುಗೆ ಹೇಳಿದ್ರಾ?"

"ಇಲ್ಲ."

"ನೀವು ಹೇಳಿದ ಮೇಲೆ ನಾನೂ ಹೇಳ್ತೀನಿ."

ತಲೆಹರಟೆಯಲ್ಲ. ನಿಜವಾಗಿಯೂ ಹೇಗೆ ಹೇಳುವುದೆಂದು ಗೊತ್ತಿಲ್ಲದೆ ಕೇಳಿದ. ತೋರಿಸಿಕೊಡಬೇಕಾದವಳು ನಾನು.

ಅಕ್ಟೋಬರ್ 15, ಮಂಗಳವಾರ

ಹೇಳಿದೆ. ಇಬುಗೆ, ಫೋನಿನಲ್ಲಿ, ಮೊದಲಿನಿಂದ ಕೊನೆಯವರೆಗೆ. "ನಗ್ತಾ ಇದೆ" ಅಂದದ್ದು ಸುಳ್ಳು ಎಂಬುದನ್ನೂ. ಆ ಕಡೆ ಮಗು ಅಳುತ್ತಿತ್ತು, ಯಾರೋ ಎತ್ತಿಕೊಂಡು ಒಳಗೆ ಹೋದರು.

"ಊಟ ಆಯ್ತಾ?" ಕೇಳಿದರು ಇಬು.

"ಇಬು... ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು." ಅಂದರು. "ಪುಡಿ ಹಾಕಿದ್ದು ಮಕ್ಕಳು ನೋಡಿದ್ರಾ?"

"ಅವರ ಎದುರೇ ಹಾಕಿದೆ."

ಬಾನಿ ಸತ್ತಿತು ಅಂದಾಗ ಬಾರದ ನಿಟ್ಟುಸಿರು ಆಗ ಬಂತು.

"ಹಾಗಾದ್ರೆ ಅವರ ಎದುರೇ ಚೆಲ್ಲಬೇಕು. ಕ್ಲಾಸ್ ಯಾವತ್ತು?"

"ಗುರುವಾರ. ನೀವು ಬರೋದು ಬೇಡ ಇಬು, ಪುಟ್ಟ ಮಗು ಬಿಟ್ಟು... ನಾನೇ ಚೆಲ್ತೀನಿ."

"ನೀನು ಮುಟ್ಟಬೇಡ" ಅಂದರು. ಅದೇ ಮೆತ್ತಗಿನ ದನಿಯಲ್ಲಿ. ಈ ಸಲ ನಗಲಿಲ್ಲ, ಮಾತು ಬದಲಿಸಲಿಲ್ಲ. ಮದುವೆಯಾದಾಗಿನಿಂದ ಮೊದಲ ಬಾರಿ ನನಗೆ ಬೇಡ ಅಂದರು. "ಆ ಕ್ಲಾತೆನ್ ಹುಡುಗನ ತಾಯಿಯನ್ನೂ ಕರಿ."

ಬಗಸ್‌ಗೆ ಮೆಸೇಜ್ ಹಾಕಿದೆ: ಹೇಳಿದೆ. ಓದಿದ ಗುರುತು ಬಂದಿದೆ.

ಮಾಸ್ ಇಬುಗೆ ಟಿಕೆಟ್ ಮಾಡಿದರು. ಸ್ಟೇಷನ್ನಿಗೆ ತಾವೇ ಹೋಗುವುದಾಗಿ ಹೇಳಿದರು. ಇಲ್ಲ, ನಾನು ಹೋಗುತ್ತೇನೆ, ಒಬ್ಬಳೇ. ನಾಡಿದ್ದು ಗುರುವಾರ, ಬೆಳಗಿನ ಸಂಚಾಕಾ ರೈಲಿಗೆ ಇಬು ಬರುತ್ತಾರೆ.