ಮೂವತ್ತೇಳು ಅರ್ಜಿಗೆ ಒಂದೇ ಫೋನ್ ನಂಬರು

ಶ್ರವಣಯಂತ್ರದ ಅರ್ಜಿಗಳಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ಒಂದೇ ಮೊಬೈಲ್ ನಂಬರಿನಿಂದ ಮೂವತ್ತೇಳು ಅರ್ಜಿ ಬಂದಿವೆ, ಆ ನಂಬರಿನವರು ದಲ್ಲಾಳಿ ಎಂದು ತೀರ್ಮಾನಿಸಿ ಅಷ್ಟನ್ನೂ ತಿರಸ್ಕರಿಸಿದ್ದೀರಿ. ಆ ನಂಬರು ನನ್ನದು. ತಾವು ಹುಡುಕುವ ಶ್ರಮ ಪಡಬಾರದೆಂದು ನಾನೇ ಮುಂದೆ ಬಂದಿದ್ದೇನೆ. ನನ್ನ ಮಾನದ ವಿಚಾರ ಆಮೇಲೆ ನೋಡೋಣ. ಆ ಮೂವತ್ತೇಳರಲ್ಲಿ ಮೂರು ವರ್ಷದ ಒಂದು ಮಗುವಿದೆ, ಅದಕ್ಕೆ ಕಾಯುವಷ್ಟು ಸಮಯವಿಲ್ಲ.

ನಾನು ಹರಿಹರದಲ್ಲಿ ಕಿವಿ ಕೇಳದವರಿಗಾಗಿ ಇರುವ ಒಂದು ಸಣ್ಣ ಸೇವಾಸಂಸ್ಥೆಯ ತಂತ್ರಜ್ಞಾನ ಸಂಯೋಜಕಿ. ಹುದ್ದೆಯ ಹೆಸರು ಕೇಳಿ ಹೆದರಬೇಡಿ. ಸರ್ವರ್ ನೋಡುವವಳು, ಪ್ರಿಂಟರಿನಲ್ಲಿ ಸಿಕ್ಕ ಕಾಗದ ಎಳೆಯುವವಳು, ದಾನಿಗಳಿಗೆ ಬಣ್ಣಬಣ್ಣದ ವರದಿ ಮಾಡಿಕೊಡುವವಳು, ಅರ್ಜಿ ತುಂಬುವವಳು, ಎಲ್ಲ ನಾನೊಬ್ಬಳೇ. ಜೊತೆಗೆ ಓದಿದ ಗಿರೀಶ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ, "ಇನ್ನೂ ಅಲ್ಲೇ ಇದೀಯೇನೇ? ಬಿಇ ಓದಿ ಅರ್ಜಿ ತುಂಬ್ಕೊಂಡು ಕುಂತಿಯಲ್ಲ!" ಎನ್ನುತ್ತಾನೆ. ಕಲಿತದ್ದಕ್ಕೆ ತುಕ್ಕು ಹಿಡಿಯುತ್ತಿದೆ ಎಂಬ ಭಯ ನನಗೂ ಇದೆ. ಆದರೆ ಹೋದ ವರ್ಷ ಶಾಮನೂರಿನ ಕಲ್ಲೇಶಪ್ಪನವರು ಹೊಸ ಯಂತ್ರ ಕಿವಿಗೆ ಹಾಕಿಕೊಂಡು, "ಏನವ್ವ, ನಿಮ್ ಫ್ಯಾನು ಇಷ್ಟು ಗಲಾಟೆ ಮಾಡ್ತೈತಲ್ಲ, ರಿಪೇರಿ ಮಾಡಿಸ್ರಿ" ಎಂದರು. ಅವತ್ತು ನಿಟ್ಟುವಳ್ಳಿಯ ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಈ ಕೆಲಸ ಬಿಡದೆ ಇರುವುದು ಅಂಥ ದಿನಗಳಿಗಾಗಿ.

ಇನ್ನು ನಂಬರಿನ ಕಥೆ. ಆನೆಕೊಂಡದ ಕೊಟ್ರವ್ವ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಅವರ ಮೂರು ವರ್ಷದ ಮೊಮ್ಮಗಳು ಸಹನಾಗೆ ಹುಟ್ಟಿನಿಂದ ಕಿವಿ ಮಂದ. ತಮ್ಮ ಕಚೇರಿಯ ಅರ್ಜಿಗೆ ಮೊಬೈಲ್ ನಂಬರು ಬೇಕು, ಅದಕ್ಕೆ ಬರುವ ಒಟಿಪಿಯನ್ನು ಆ ಕ್ಷಣವೇ ಹೇಳಬೇಕು. ಮನೆಗಿರುವ ಒಂದೇ ಫೋನು ಲಾರಿ ಓಡಿಸುವ ಮಗನ ಜೇಬಿನಲ್ಲಿ. "ನಿನ್ ನಂಬರೇ ಹಾಕವ್ವ. ನಮ್ ಫೋನು ಹುಬ್ಳಿಯಾಗೈತೋ ಪುಣೆಯಾಗೈತೋ ಯಾರಿಗ್ಗೊತ್ತು?" ಎಂದರು ಕೊಟ್ರವ್ವ. ಹಾಕಿದೆ. ಹೀಗೆ ಒಬ್ಬೊಬ್ಬರಾಗಿ ಮೂವತ್ತೇಳು ಜನರಾದರು. ಆಗ ಅದು ತಪ್ಪೆಂದು ಯಾವ ನಿಯಮವೂ ಹೇಳಿರಲಿಲ್ಲ.

ಒಂದು ನಂಬರಿಗೆ ಒಂದೇ ಅರ್ಜಿ ಎಂಬ ನಿಯಮ ಬಂದದ್ದು ಎರಡು ತಿಂಗಳ ಹಿಂದೆ. ಒಂದೇ ನಂಬರಿನ ಅರ್ಜಿಗಳನ್ನು ಹೆಕ್ಕಿ ತೆಗೆಯುವ ತಂತ್ರಾಂಶ ಬೇಕೆಂದು ತಾವೇ ನಮ್ಮ ಸಂಸ್ಥೆಯ ಫೋನಿಗೆ ಕರೆ ಮಾಡಿದ್ದು ನೆನಪಿದೆಯೇ? "ನೀವು ಸೇವಾಸಂಸ್ಥೆಯವರಲ್ರೀ ಮೇಡಂ, ಸೇವೆ ಅಂತ ಮಾಡಿಕೊಡ್ರಿ" ಎಂದಿರಿ. ಕಂಪನಿಯವರಿಗಾದರೆ ಟೆಂಡರು, ಪರೀಕ್ಷೆ, ತಪ್ಪು ಹುಡುಕಲು ಇನ್ನೊಂದು ತಂಡ. ನನಗೆ ಸಿಕ್ಕಿದ್ದು ಒಂದು ಲೋಟ ಚಹಾ. ಹೌದು ಸ್ವಾಮಿ, ನನ್ನ ಜನರನ್ನು ಹಿಡಿದುಕೊಟ್ಟ ತಂತ್ರಾಂಶವನ್ನು ಬರೆದವಳು ನಾನೇ. ಪುಕ್ಕಟೆಯಾಗಿ, ಹುಮ್ಮಸ್ಸಿನಿಂದ ಬರೆದೆ. ನನ್ನ ನಂಬರೇ ಅರ್ಜಿಗಳಲ್ಲಿ ಮೂವತ್ತೇಳು ಸಲ ಇದೆ ಎಂಬುದು ಹೊಳೆಯಲೇ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ತಿಳಿದವರಿದ್ದಿದ್ದರೆ ಕೇಳುತ್ತಿದ್ದರೇನೋ. ನನ್ನ ಪಕ್ಕ ಇರುವುದು ಆ ಪ್ರಿಂಟರು ಮಾತ್ರ.

ಆದರೂ ಒಂದು ಮಾತು ಬರೆದುಕೊಟ್ಟಿದ್ದೆ: ಸಿಕ್ಕಿಬಿದ್ದ ಅರ್ಜಿಗಳನ್ನು ತಿರಸ್ಕರಿಸುವ ಮೊದಲು ಮನೆಗೆ ಹೋಗಿ ವಿಚಾರಿಸಬೇಕು. ತಾವು ಅದನ್ನು ಓದಿದಿರಾ? ಅಥವಾ ಕಂಪ್ಯೂಟರೇ ಹೇಳಿದ ಮೇಲೆ ಮನುಷ್ಯರನ್ನು ಕೇಳುವುದು ಕಚೇರಿಯ ಘನತೆಗೆ ಕಡಿಮೆಯೇ?

ಹೋದ ಸೋಮವಾರ ಕೊಟ್ರವ್ವ ಕೂಸನ್ನು ಎತ್ತಿಕೊಂಡು ಬಂದಿದ್ದರು. ಮಾತು ಕಲಿಯುವ ವಯಸ್ಸು ಕಳೆಯುತ್ತಿದೆ, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದಾರಂತೆ. "ಕಂಪ್ಯೂಟ್ರು ಬ್ಯಾಡ ಅಂತಂತೆ, ಹೌದೇನವ್ವ? ಅದಕ್ಕೇನು ತಿಳಿತೈತೆ ನಮ್ ಕೂಸಿನ ಕಷ್ಟ?" ಎಂದರು. ಕಂಪ್ಯೂಟರಲ್ಲ, ನಾನು ಎಂದು ಹೇಳಬೇಕಿತ್ತು. ಪ್ರಿಂಟರಿನಲ್ಲಿ ಸಿಕ್ಕ ಕಾಗದ ಎಳೆಯಲು ಎದ್ದೆ. ಅವರಿಗೆ ಹೇಳಲಾಗದ್ದನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ಮೂವತ್ತೇಳು ಅರ್ಜಿಗಳನ್ನೂ ಮತ್ತೆ ತೆರೆಯಿರಿ, ಮನೆಮನೆಗೆ ಒಬ್ಬರನ್ನು ಕಳಿಸಿ. ನನ್ನ ವಿಚಾರಣೆ ನಡೆಸುವುದಿದ್ದರೆ ನಡೆಸಿ, ಬರುತ್ತೇನೆ. ಇನ್ನೊಂದು ವಿಷಯ ತಮಗೆ ತಿಳಿದಿರಲಿ. ಆ ತಂತ್ರಾಂಶದ ಪಾಸ್‌ವರ್ಡ್ ಇವತ್ತಿಗೂ ನನ್ನ ಬಳಿಯೇ ಇದೆ. ಬದಲಾಯಿಸಿಕೊಳ್ಳಿ ಎಂದು ಎರಡು ಸಲ ಬರೆದೆ, ಉತ್ತರವಿಲ್ಲ. ಸಹನಾಳ ಹೆಸರನ್ನು ತಿರಸ್ಕೃತರ ಪಟ್ಟಿಯಿಂದ ತೆಗೆಯಲು ನನಗೆ ಐದು ನಿಮಿಷ ಸಾಕು. ತೆಗೆದರೆ ನಾನು ಕಳ್ಳಿ, ತೆಗೆಯದಿದ್ದರೆ ಆ ಕೂಸು ಮಾತು ಕಲಿಯುವುದೇ ತಪ್ಪುತ್ತದೆ. ಎಷ್ಟು ದಿನ ಕೈ ಕಟ್ಟಿಕೊಂಡಿರುತ್ತೇನೋ ನನಗೇ ಗೊತ್ತಿಲ್ಲ. ದಯವಿಟ್ಟು ಈ ವಾರವೇ ಪಾಸ್‌ವರ್ಡ್ ಬದಲಾಯಿಸಿ. ಅದಕ್ಕೂ ಮೊದಲು ಆ ಅರ್ಜಿಗೆ ಸಹಿ ಹಾಕಿ.

ಇಂತಿ,
ತಮ್ಮ ಪುಕ್ಕಟೆ ಕೆಲಸದವಳು,
ರೇವತಿ
ನಿಟ್ಟುವಳ್ಳಿ, ದಾವಣಗೆರೆ