ವಾಸಂತಿಯ ಬಿಗೋನಿಯ

೯ ಜೂನ್ ೧೯೬೨, ಶನಿವಾರ

ಕೊಯಿಲದ ದನದ ಫಾರ್ಮಿನಿಂದ ಕ್ವಾರ್ಟರ್ಸಿಗೆ ಬರುವಾಗ ಒಂದು ಗಂಟೆ. ಎರಡು ಕರುಗಳಿಗೆ ಭೇದಿ. ಊಟಕ್ಕೆ ಮುಂಚೆ ದಿನದ ಹಾಗೆ ವಾಸಂತಿಯ ಬಿಗೋನಿಯ ಗಿಡಕ್ಕೆ ಸ್ನಾನ — ತಂಬಿಗೆಯಿಂದ ಎಲೆಗಳ ಮೇಲೆ ನೀರು. ಕರುಗಳನ್ನು ತೊಳೆದು ತೊಳೆದು ಅದೇ ಅಭ್ಯಾಸ. ಕೆಳಗಿನ ಎಲೆಯಲ್ಲಿ ಮೂರು ಕಂದು ಚುಕ್ಕೆ, ಸುತ್ತ ಹಳದಿ. ಮಣ್ಣಿರಬೇಕೆಂದು ಉಗುರಿನಿಂದ ಕೆರೆದೆ. ಹೋಗಲಿಲ್ಲ.

ವಾಸಂತಿ ಕೆದಂಬಾಡಿಗೆ, ತವರಿಗೆ, ಹೋಗಿ ಎರಡು ತಿಂಗಳು. ಹೋಗುವಾಗ ಹೇಳಿದ್ದು ಒಂದೇ ಮಾತು. "ಗಿಡ ನೋಡಿಕೊಳ್ಳಿ." ನನ್ನ ಬಗ್ಗೆ ಏನೂ ಇಲ್ಲ.

೧೩ ಜೂನ್

ಅವಳ ಕಾರ್ಡು. ಹೋದ ಮೇಲೆ ಮೊದಲನೆಯದು! ಮೂರೇ ಸಾಲು. ಜ್ವರ ಇಲ್ಲ. ಅಮ್ಮನಿಗೆ ಮಂಡಿನೋವು. ಗಿಡ ಹೇಗುಂಟು?

ಚುಕ್ಕೆ ಈಗ ಹದಿನೊಂದು. ಎರಡು ಎಲೆ ಉದುರಿವೆ.

ಕೂಡಲೇ ಉತ್ತರ ಬರೆದೆ. "ಗಿಡ ಚೆನ್ನಾಗಿದೆ." ಪೋಸ್ಟಿಗೆ ಹಾಕಿದ ಮೇಲೆ ನೆನಪಾಯಿತು. ಮಾರ್ಚಿನಲ್ಲಿ ಪುತ್ತೂರಿನ ಆಸ್ಪತ್ರೆಯಲ್ಲೂ ಇದೇ ಮಾತು. ಮಗು ಹುಟ್ಟಿದ ಮರುದಿನ ತೀರಿಕೊಂಡಿತು. ಅವಳಿಗೆ ಮೈ ಸುಡುವ ಜ್ವರ. "ಮಗು ಚೆನ್ನಾಗಿದೆ, ನರ್ಸಿನ ಹತ್ತಿರ ಉಂಟು" ಎಂದು ಎರಡು ದಿನ ಹೇಳಿದೆ. ಎರಡು ದಿನ! ಅವಳು ಹೆಸರು ಆರಿಸುತ್ತ ಮಲಗಿದ್ದಳು. ಹೂತು ಬಂದ ಕೈಯಿಂದಲೇ ಗಂಜಿ ಕುಡಿಸಿದೆ. ಗೊತ್ತಾದಾಗ ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು.

೧೫ ಜೂನ್

ಫಾರ್ಮಿನ ಲೆನ್ಸ್ ತಂದು ನೋಡಿದೆ. ಹುಳವಿಲ್ಲ, ಮೊಟ್ಟೆಯಿಲ್ಲ. ದನದ ಮೈಯ ಕಜ್ಜಿಗಾದರೆ ಮುಲಾಮು ಗೊತ್ತು. ಇದಕ್ಕೆ?

ಡೊಂಬಯ್ಯ ಬಂದ. ಫಾರ್ಮಿನ ಆಳು, ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಮದ್ದು ಸಿಂಪಡಿಸಲು ಹೋಗುವವ. "ಇದು ಕೊಳೆರೋಗ ಡಾಕ್ಟ್ರೆ. ಮೈಲುತುತ್ತು, ಸುಣ್ಣ ಕಲಸಿ ಹೊಡೆದ್ರೆ ಸರಿಯಾಗ್ತದೆ." ನಾನು ಡಾಕ್ಟರಲ್ಲ, ಕಂಪೌಂಡರ್. ತಿದ್ದುವುದನ್ನು ಬಿಟ್ಟು ವರ್ಷಗಳಾದವು.

೧೭ ಜೂನ್, ಆದಿತ್ಯವಾರ

ಡೊಂಬಯ್ಯ ಕೊಟ್ಟ ಮೈಲುತುತ್ತು, ಎಲೆಯಡಿಕೆಯ ಸುಣ್ಣ, ಕಬ್ಬಿಣದ ಬಾಲ್ದಿಯಲ್ಲಿ ನೀರಿಗೆ ಕಲಸಿದೆ. ತುತ್ತು ಸ್ವಲ್ಪ ಹೆಚ್ಚೇ ಹಾಕಿದೆ, ಬೇಗ ಗುಣವಾಗಲಿ ಎಂದು. ಎಲ್ಲಾ ಎಲೆಗಳಿಗೂ ಹೊಡೆದೆ, ಅಡಿಯಿಂದ ಮೇಲಿಂದ. ಅನೇಕ ದಿನಗಳ ಮೇಲೆ ಸಮಾಧಾನದಿಂದ ಉಂಡೆ.

೨೦ ಜೂನ್

ಎಲೆಗಳು ಸುಟ್ಟುಹೋಗಿವೆ. ಅಂಚಿನಿಂದ ಕಪ್ಪಾಗಿ ಮುದುಡಿವೆ.

ಡೊಂಬಯ್ಯ ನೋಡಿ ತಲೆಗೆ ಕೈಯಿಟ್ಟ. "ಎಂತ ಮಾರಾಯ್ರೆ ಇದು! ಕತ್ತಿ ಅದ್ದಿ ನೋಡ್ಲಿಲ್ವಾ?" ಮದ್ದಿಗೆ ಕತ್ತಿ ಅದ್ದಬೇಕಂತೆ. ಅಲಗಿನ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣದ ಬಾಲ್ದಿ ಆಗುವುದೇ ಇಲ್ಲ. ಇಲ್ಲಿನ ಮಕ್ಕಳಿಗೂ ಗೊತ್ತಿರುವ ವಿಷಯ. "ಅಡಿಕೆಗಾದ್ರೂ ತಡೀತದೆ. ಇದರ ಎಲೆ ಎಳೆಮಗುವಿನ ಚರ್ಮದ ಹಾಗೆ ಉಂಟಲ್ಲ."

ಅವನು ಬೇಕೆಂದು ಹೇಳಿದ್ದಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

೨೩ ಜೂನ್

ಉಪ್ಪಿನಂಗಡಿಯಲ್ಲಿ ಸುಲೈಮಾನರ ಅಂಗಡಿಯ ಎದುರು ಇದೇ ಜಾತಿಯ ಗಿಡವಿದೆ. ಹೋಗಿ ಕೇಳಿದೆ. "ಅದಕ್ಕೆಂತ, ಕೊಂಡೋಗಿ" ಎಂದು ಚಟ್ಟಿ ಸಮೇತ ಕೊಟ್ಟರು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕುಳಿತೆ. ಅದೇ ಎಲೆ, ಅದೇ ಎತ್ತರ. ಅವಳಿಗೆ ಗೊತ್ತೇ ಆಗುವುದಿಲ್ಲ ಎಂದು ಖುಷಿಯಾಯಿತು. ಆ ಖುಷಿಗೆ ನನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಹೋಗಿ ವಾಪಸು ಕೊಟ್ಟೆ. ಸುಲೈಮಾನರು ಚಟ್ಟಿಯನ್ನು ಮೊದಲಿನ ಜಾಗದಲ್ಲೇ ಇಟ್ಟರು. ಅಲ್ಲಿಯ ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಕಾಗದ ತೆಗೆದುಕೊಂಡು ವಾಸಂತಿಗೆ ಎಲ್ಲವನ್ನೂ ಬರೆದೆ. ಚುಕ್ಕೆ, ಬಾಲ್ದಿ, ಸುಳ್ಳು, ಬಸ್ಸು.

೯ ಜುಲೈ

ಉತ್ತರ ಇಲ್ಲ.

೧೪ ಜುಲೈ, ಶನಿವಾರ, ಸಂಜೆ ೪

ಒಂದೂವರೆ ಬಸ್ಸಿಗೆ ಬಂದಳು. ಒಬ್ಬಳೇ. ಚೀಲ ಕೆಳಗಿಡದೆ ನೇರ ಗಿಡದ ಹತ್ತಿರ ಹೋದಳು. ಬರೀ ದಂಟು.

"ದಿನಾ ಎಲೆಗೆ ನೀರು ಹೊಯ್ದದ್ದಾ?"

"ಹೌದು."

"ಅದರಿಂದಲೇ ಚುಕ್ಕೆ ಬಂದದ್ದು. ಬುಡಕ್ಕೆ ಮಾತ್ರ ಹೊಯ್ಯುದು. ಮದ್ದೇ ಬೇಡ ಇತ್ತು."

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮೆಟ್ಟಿಲಲ್ಲಿ ಕುಳಿತಳು.

"ಗಿಡದ್ದು ಎಲ್ಲ ಬರೆದಿರಿ. ಇನ್ನು ಮಗುವಿನದ್ದು ಹೇಳಿ. ಎಷ್ಟು ಹೊತ್ತಿಗೆ ಹೋದದ್ದು? ಯಾರು ಎತ್ತಿಕೊಂಡದ್ದು? ಎಂತದೂ ಬಿಡಬೇಡಿ."

ಹೇಳಿದೆ. ಬೆಳಿಗ್ಗೆ ಆರೂಕಾಲು. ನನ್ನ ಕೈಯಲ್ಲೇ. ಬೆರಳುಗಳು ನನ್ನ ಅಂಗಿಯನ್ನು ಹಿಡಿದಿದ್ದವು, ನಾನೇ ಬಿಡಿಸಬೇಕಾಯಿತು. ಅವಳು ಈಗ ಅತ್ತಳು. ನಾನೂ.

ಕಾಫಿ ಮಾಡಲು ಒಳಗೆ ಹೋಗಿದ್ದಾಳೆ. ಹೂತ ಜಾಗಕ್ಕೆ ನಾಳೆ ಕರೆದುಕೊಂಡು ಹೋಗಿ ಎಂದಿದ್ದಾಳೆ. ಹೂಂ ಎಂದುಬಿಟ್ಟೆ. ಅಂದು ಒಂದು ಕಲ್ಲನ್ನೂ ಗುರುತಿಗೆ ಇಡಲಿಲ್ಲ. ಎಲ್ಲಿ ಎಂದು ನನಗೇ ಸರಿಯಾಗಿ ನೆನಪಿಲ್ಲ. ಯಾವುದೋ ಒಂದು ಕಡೆ ತೋರಿಸಿದರೆ ಅವಳು ನಂಬುತ್ತಾಳೆ. ಇಲ್ಲ. ಲೋಟದ ಸದ್ದು. ಬರುತ್ತಿದ್ದಾಳೆ. ಕಾಫಿ ಕುಡಿಯುವ ಮೊದಲೇ ಇದನ್ನೂ ಹೇಳಿ —