ನಲವತ್ತೊಂದು ಇಂಚಿನ ಮಸ್ಕಿ

ಮನ್ರೋ, ನ್ಯೂಜೆರ್ಸಿ
೧೪ ಅಕ್ಟೋಬರ್ ೨೦೦೯

ಪ್ರೀತಿಯ ಜಯರಾಮುಗೆ ಪೀರ್ ಅಹ್ಮದನ ಸಲಾಂ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪು ನನ್ನದೇ. ಇಲ್ಲಿ ವ್ಯಾಪಾರ ನೆಲಕಚ್ಚಿದೆ. ಅಂಗಡಿಯ ಕೆಲಸದವರಿಬ್ಬರನ್ನೂ ಬಿಡಿಸಿ ಈಗ ಬೆಳಗಿನಿಂದ ಸಂಜೆಯವರೆಗೆ ನಾನೇ ಕೌಂಟರಿನಲ್ಲಿ ನಿಲ್ಲುತ್ತೇನೆ. ಮೆಹರುನ್ನೀಸಾಳ ಮಂಡಿನೋವು ಹಾಗೇ ಇದೆ. ಮಗ ಮೋಯಿನನಿಗೆ ಮ್ಯಾನ್‌ಹಟನ್ನಿನ ಬ್ಯಾಂಕಿನ ಕೆಲಸ ಹೋದ ವರ್ಷ ಹೋಯಿತಲ್ಲ, ಇನ್ನೂ ಬೇರೆ ಸಿಕ್ಕಿಲ್ಲ, ನಮ್ಮ ಜೊತೆಗೇ ಇದ್ದಾನೆ. ಅನಸೂಯಮ್ಮನ ಕಣ್ಣಿನ ಆಪರೇಷನ್ ಹೇಗಾಯಿತು?

ಕ್ಷೇಮಸಮಾಚಾರ ಇಷ್ಟು ಸಾಕು. ನನಗೆ ಬಂದಿರುವ ಸಿಟ್ಟನ್ನು ಯಾರ ಮುಂದಾದರೂ ಕಕ್ಕಬೇಕು. ಮೀನಿನ ವಿಷಯ ಬಲ್ಲವನು ನಿನ್ನ ಬಿಟ್ಟರೆ ಯಾರಿದ್ದಾರೆ?

ನಮ್ಮ ಮನೆಯಿಂದ ಒಂದೂವರೆ ಗಂಟೆ ಡ್ರೈವ್ ಮಾಡಿದರೆ ಸರ್ಕಾರದ ಒಂದು ವೈಲ್ಡ್‌ಲೈಫ್ ಏರಿಯಾ ಸಿಗುತ್ತದೆ. ಲೈಸೆನ್ಸ್ ಇದ್ದ ಯಾರು ಬೇಕಾದರೂ ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯಬಹುದು. ಅಲ್ಲಿ ಮಸ್ಕಿ ಎಂಬ ಮೀನಿದೆ. ಉದ್ದ ಮೈ, ಮೊಸಳೆಯ ಮೂತಿ, ಬಾಯಿ ತುಂಬ ಹಲ್ಲು. ದಿನವಿಡೀ ಗಾಳ ಎಸೆದರೂ ಸಿಕ್ಕುವುದಿಲ್ಲ, ಅಷ್ಟು ಜಂಬ ಅದಕ್ಕೆ. ಪ್ರತಿ ಅಕ್ಟೋಬರಿನಲ್ಲಿ ಸರ್ಕಾರದವರು ಮರಿ ತಂದು ಬಿತ್ತನೆ ಮಾಡುತ್ತಾರೆ, ಮಸ್ಕಿ ಕ್ಲಬ್ಬಿನವರು ಕೈಜೋಡಿಸುತ್ತಾರೆ. ನಾಲ್ಕು ವರ್ಷದಿಂದ ನಾನೂ ಆ ಕ್ಲಬ್ಬಿನ ಸದಸ್ಯ. ಕೆಲಸವಿಲ್ಲದೆ ಮಂಕಾಗಿ ಕೂತಿದ್ದ ಮೋಯಿನನನ್ನೂ ಈ ವರ್ಷ ಸೇರಿಸಿದೆ. ಈಗ ಕ್ಲಬ್ಬಿನ ಪತ್ರವ್ಯವಹಾರವೆಲ್ಲ ಅವನದೇ.

ಮೊದಲ ವರ್ಷ ಏನಾಯಿತು ಗೊತ್ತಾ? ಒಬ್ಬ ಮಹಾಶಯ ಮರಿಗಳನ್ನು ಬಕೆಟ್ಟಿನಿಂದ ಸೀದಾ ಕೆರೆಗೆ ಸುರಿಯಲು ಹೊರಟಿದ್ದ. ನಾನು ಹೋಗಿ ಕೈ ಹಿಡಿದೆ. ಬಕೆಟ್ಟಿಗೆ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಮರಿ ಆ ತಂಪಿಗೆ ಹೊಂದಿಕೊಂಡ ಮೇಲೆ ಬಿಡಿಸಿದೆ. ಕೃಷ್ಣರಾಜಸಾಗರದ ಕೆಳಗೆ ನಾವಿಬ್ಬರೂ ಹನ್ನೆರಡು ವರ್ಷ ಮೀನುಗಾರಿಕೆ ಇಲಾಖೆಯಲ್ಲಿ ಕಾಟ್ಲಾ, ರೋಹು ಮರಿ ಸಾಕಿದವರಲ್ಲವೇ! ಕ್ಲಬ್ಬಿನ ಅಧ್ಯಕ್ಷ ವಾಲ್ಟರ್ ಅವತ್ತು ನನ್ನ ಬೆನ್ನು ತಟ್ಟಿ, “ಪೀರ್, ಇನ್ನು ಮೇಲೆ ಬಕೆಟ್ ನಿನ್ನದು,” ಎಂದಿದ್ದ. ಈ ವರ್ಷ ಸರ್ಕಾರದ ಕೈ ಬರಿದಾಗಿ, ಮರಿಗಳಿಗೆ ಮೇವು ಹಾಕಲೂ ಗತಿಯಿಲ್ಲ ಎಂದಾಗ ಮನೆಮನೆಗೆ ಹೋಗಿ ಚಂದಾ ಎತ್ತಿದವನೂ ನಾನೇ.

ಈಗ ಕೇಳು. ರಂಜಾನ್ ಹಬ್ಬ ಮುಗಿದ ಮರುವಾರದ ಭಾನುವಾರ ನನ್ನ ಗಾಳಕ್ಕೆ ಮಸ್ಕಿ ಬಿತ್ತು. ನಾಲ್ಕು ವರ್ಷದಲ್ಲಿ ಮೊದಲನೆಯದು. ನಲವತ್ತೊಂದು ಇಂಚು! ಮೂವತ್ತಾರು ದಾಟಿದ್ದನ್ನು ಮನೆಗೆ ಒಯ್ಯಬಹುದೆಂದು ದಡದ ಬೋರ್ಡಿನಲ್ಲೇ ಬರೆದಿದೆ. ಸಾಲದ್ದಕ್ಕೆ ಕೊಕ್ಕೆ ಕಿವಿರಿನೊಳಗೆ ನೆಟ್ಟು ರಕ್ತ ಧಾರಾಕಾರ ಸುರಿಯುತ್ತಿತ್ತು. ಬಿಟ್ಟರೂ ಸಾಯುವ ಮೀನು. ಈ ಕ್ಲಬ್ಬಿನವರು ಅಂಥದ್ದನ್ನೂ ತಬ್ಬಿಕೊಂಡು ಫೋಟೋ ತೆಗೆಸಿ, ಮುದ್ದಿಟ್ಟು ನೀರಿಗೆ ಬಿಡುತ್ತಾರೆ. ಎರಡು ದಿನಕ್ಕೆ ಅದು ಹೊಟ್ಟೆ ಮೇಲಾಗಿ ತೇಲುತ್ತದೆ, ಇವರಿಗೆ ಮಾತ್ರ ಜೀವ ಉಳಿಸಿದ ಪುಣ್ಯ! ಜೀವ ತೆಗೆದ ಮೇಲೆ ಕೊಳೆಯಲು ಬಿಡುವುದು ನಮ್ಮಲ್ಲಿ ಪಾಪ. ಮನೆಗೆ ತಂದೆ.

ದೊಡ್ಡ ಮೀನು ಬಂದರೆ ನಾಲ್ಕು ಮನೆಗೆ ಹಿಸ್ಸೆ ಹೋಗಬೇಕು, ಅದು ನಮ್ಮ ತಾಯಿಯ ಕಾಲದ ರೂಢಿ. ಮೆಹರುನ್ನೀಸಾ ಹುಣಸೆಹುಳಿ, ಮೆಂತ್ಯ ಹಾಕಿ ಸಾರು ಮಾಡಿದಳು. ಅಕ್ಕಪಕ್ಕಕ್ಕೆ ಕೊಟ್ಟು, ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ವಾಲ್ಟರನ ಮನೆಗೂ ನಾನೇ ಒಯ್ದೆ. ಮೀನು ಕೊಟ್ಟ ಕೆರೆಯ ಯಜಮಾನನಂಥವನಿಗೆ ಹಿಸ್ಸೆ ಇಲ್ಲದಿದ್ದರೆ ಹೇಗೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು!

ವಾಲ್ಟರ್ ಎರಡು ಸಲ ಬಡಿಸಿಕೊಂಡು ತಿಂದ. ಅವನ ಹೆಂಡತಿ ಬ್ರೆಡ್ಡಿನಲ್ಲಿ ತಟ್ಟೆ ಒರೆಸಿದಳು.

“ವಂಡರ್‌ಫುಲ್! ಯಾವ ಮೀನು ಇದು, ಸಾಲ್ಮನ್ನಾ?” ಎಂದು ಕೇಳಿದ.

ನಾನು ಎದೆಯುಬ್ಬಿಸಿ, “ನಮ್ಮ ಲೇಕಿನ ಮಸ್ಕಿ! ನಲವತ್ತೊಂದು ಇಂಚು!” ಎಂದೆ.

ಅವನು ಚಮಚ ಕೆಳಗಿಟ್ಟ.

“ಪೀರ್, ನಾವು ಅದನ್ನ ತಿನ್ನಲ್ಲ,” ಎಂದ.

ತಿನ್ನುವುದಿಲ್ಲವಂತೆ! ಹಾಗಾದರೆ ಎರಡೆರಡು ಸಲ ಬಡಿಸಿಕೊಂಡವನು ಯಾರು? ಮೂರನೆಯ ದಿನ ಇಮೇಲ್ ಬಂತು: ಸದಸ್ಯರಿಗೆ ತುಂಬ ನೋವಾಗಿದೆ, ಈ ಸಲ ಬಿತ್ತನೆಗೆ ನೀನು ಬರಬೇಡ. ಉಂಡೂ ಹೋದ, ಕೊಂಡೂ ಹೋದ ಎಂಬ ಹಾಗೆ ನನ್ನ ಡಬ್ಬಿಯೂ ಅಲ್ಲೇ ಉಳಿಯಿತು. ಕಾನೂನಿನ ಪುಟವನ್ನು ಪ್ರಿಂಟ್ ಮಾಡಿ, ಕೆಂಪು ಗೆರೆ ಎಳೆದು ಅಂಚೆಯಲ್ಲಿ ಕಳಿಸಿದೆ. ಕೆರೆ ಸರ್ಕಾರದ್ದು, ಲೈಸೆನ್ಸ್ ನನ್ನದು, ಮೀನು ಅಳತೆಯದು. ಇವರ ಅಪ್ಪನ ಆಸ್ತಿಯೇ? ಅದಕ್ಕೆ ಉತ್ತರವೇ ಬರಲಿಲ್ಲ.

ಎರಡು ವಾರ ನನಗೆ ಊಟ ಸೇರಲಿಲ್ಲ ಜಯರಾಮು. ಅಂಗಡಿ ಹೋದರೆ ಹೋಗಲಿ, ಈ ದೇಶದಲ್ಲಿ ನನಗೆ ಗೊತ್ತಿರುವ ಕೆಲಸವನ್ನು ನಾನು ಮಾಡುವುದು ವರ್ಷಕ್ಕೆ ಆ ಒಂದು ದಿನ. ಅದನ್ನೂ ಕಿತ್ತುಕೊಂಡರೆ ಇಲ್ಲಿ ನಾನು ಬರೀ ಚಿಲ್ಲರೆ ಎಣಿಸುವ ಮುದುಕ.

ಮೊನ್ನೆ ಸೋಮವಾರ ವಾಲ್ಟರನದೇ ಫೋನ್.

“ಆಗಿದ್ದು ಆಗಿಹೋಯ್ತು ಪೀರ್. ನಮಗೆ ಅರ್ಥವಾಗಿದೆ. ಶನಿವಾರ ಬಿತ್ತನೆಗೆ ಬಾ,” ಎಂದ. ದನಿ ಬೆಣ್ಣೆಯ ಹಾಗಿತ್ತು.

ಮೆಹರುನ್ನೀಸಾ, “ಅವರೇ ಕರೀತಿದ್ದಾರಲ್ರೀ, ಹಟ ಯಾಕೆ? ಹೋಗಿ ಬನ್ನಿ,” ಎನ್ನುತ್ತಾಳೆ. ನಾನು ಹೋಗುವುದಿಲ್ಲ. ಏಕೆಂದು ಅವಳಿಗೆ ಹೇಳಿಲ್ಲ.

ಅಂಗಡಿ ತೆರೆಯುವ ಹೊತ್ತಾಯಿತು. ನಿನ್ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಅಲ್ಲಾಹನು ಚೆನ್ನಾಗಿಟ್ಟಿರಲಿ. ಅನಸೂಯಮ್ಮನ ಕಣ್ಣಿಗೆ ಬೇಗ ಬೆಳಕು ಬರಲಿ. ನೀನು ಸಕ್ಕರೆ ಕಡಿಮೆ ತಿನ್ನು.

ಇತಿ ನಿನ್ನ,
ಪೀರ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ವಾಲ್ಟರನಿಗೆ ಅರ್ಥವಾದದ್ದೇನೆಂದು ನಿನ್ನೆ ತಿಳಿಯಿತು. ಮೋಯಿನ್ ಮನೆಯ ಕಂಪ್ಯೂಟರಿನಲ್ಲಿ ಕ್ಲಬ್ಬಿನ ಪತ್ರಗಳನ್ನು ತೆರೆದಿಟ್ಟು ಎದ್ದು ಹೋಗಿದ್ದ. ಅವನೇ ಎಲ್ಲರಿಗೂ ಬರೆದಿದ್ದಾನೆ: ನನ್ನ ತಂದೆಯನ್ನು ಕ್ಷಮಿಸಿ, ಅವರು ಹಳ್ಳಿಯಿಂದ ಬಂದವರು, ಮೀನೆಂದರೆ ಅವರಿಗೆ ಊಟ ಮಾತ್ರ, ಇಲ್ಲಿನ ನಿಯಮ ಅವರಿಗೆ ತಿಳಿಯುವುದಿಲ್ಲ.

ಮೀನು ಬಿದ್ದ ದಿನ ದೋಣಿಯಲ್ಲಿ ನನ್ನ ಜೊತೆ ಇದ್ದವನು ಅವನೇ, ಜಯರಾಮು. ಬಲೆ ಹಾಕಿ ಎತ್ತಿದವನು ಅವನು. ಟೇಪು ಹಿಡಿದು ಅಳೆದು, “ಫಾರ್ಟಿ ಒನ್, ಅಬ್ಬಾಜಾನ್! ಇಟ್ಸ್ ಲೀಗಲ್, ಕೀಪ್ ಇಟ್!” ಎಂದು ಕುಣಿದವನೂ ಅವನೇ.

ಹೀಗೇಕೆ ಬರೆದೆ ಎಂದು ಕೇಳಿದೆ. ತಲೆ ತಗ್ಗಿಸಿ, “ಅಬ್ಬಾಜಾನ್, ಐ ಜಸ್ಟ್ ವಾಂಟೆಡ್ ದೆಮ್ ಟು ಟೇಕ್ ಯೂ ಬ್ಯಾಕ್,” ಎಂದ. ಅವರು ನನ್ನನ್ನು ಮತ್ತೆ ಸೇರಿಸಿಕೊಳ್ಳಲಿ ಎಂದಷ್ಟೇ ಬರೆದನಂತೆ. ವಾಲ್ಟರನಿಗೆ ಬೈದು ನಾಲ್ಕು ಹಾಳೆ ತುಂಬಿಸಿದ್ದೇನೆ. ಇವನಿಗೆ ಬೈಯಲು ನನಗೆ ಒಂದು ಮಾತೂ ಸಿಗಲಿಲ್ಲ.